ಬಿ ನೆಗೆಟಿವ್ ಮನುಷ್ಯನಿಗೆ ಮೂರನೆಯ ಎಚ್ಚರಿಕೆ

ಕರಾರು ಸರಳವಾಗಿತ್ತು. ಆಸ್ಪತ್ರೆ ಒಂದು ಚೀಲ ರಕ್ತ ಕೊಟ್ಟರೆ, ಅದೇ ಗುಂಪಿನ ಒಬ್ಬ ದಾನಿಯನ್ನು ನಾವು ತಂದು ನಿಲ್ಲಿಸಬೇಕು. ನನ್ನ ತಂಗಿಯ ಮೊಮ್ಮಗಳಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸದಿದ್ದರೆ ಕೂಸು ಉಳಿಯುವುದಿಲ್ಲ. ಸಾಲದ್ದಕ್ಕೆ ಅವಳದು ಬಿ ನೆಗೆಟಿವ್.

ದಾನಿಗಳು ಸಿಗುತ್ತಿದ್ದದ್ದು ಹೈದರಾಬಾದಿನ ಕನ್ನಡ ಮಂದಿ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡಿದ್ದ ಬಳಗದಿಂದ. ರಾಜ್ಯ ಇನ್ನೂ ಎರಡಾಗಿರಲಿಲ್ಲ. ಬಳಗ ಮಾತ್ರ ದಿನಕ್ಕೊಮ್ಮೆ ಎರಡಾಗುತ್ತಿತ್ತು. ಪ್ರತಿ ಜಗಳಕ್ಕೂ ಒಂದಿಷ್ಟು ಜನ ಬಿಟ್ಟು ಹೋಗುವರು. ಹೋದವರ ರಕ್ತ ಯಾವ ಗುಂಪಿನದೋ ಎಂದು ನಾನು ಎದೆ ಹಿಡಿದುಕೊಂಡು ಕೂಡುವೆ.

ನಿಯಮ ಮುರಿದವರಿಗೆ ಎಚ್ಚರಿಕೆ ಬರೆಯುವ ಕೆಲಸ ನನ್ನ ತಲೆಗೇ ಬಂತು. ಬೇಗಂ ಬಜಾರಿನಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಬಾಕಿ ಉಳಿಸಿಕೊಂಡ ಗಿರಾಕಿ ನಾಚಿ ಹಣ ಕೊಡಬೇಕು, ಆದರೆ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗಬಾರದು. ಅಂಥ ಕಾಗದ ಬರೆದೇ ಕೂದಲು ಬೆಳ್ಳಗಾಗಿವೆ. ಇದೂ ಹಾಗೆಯೇ ಅಂದುಕೊಂಡೆ. ಆಮೇಲೆ ಒಂದಿಲ್ಲೊಂದು ನಡೆಯುತ್ತಲೇ ಬಂತು.

ಅರ್ಧ ಹಕ್ಕು

ಸಚಿವಾಲಯದಿಂದ ನಿವೃತ್ತರಾದ ಒಬ್ಬ ಹಿರಿಯರು ಬಳಗದಲ್ಲಿ ದಿನಾ ರಾಜಕೀಯ ಬರೆಯುತ್ತಿದ್ದರು. ರಾಜಕೀಯ ಕೂಡದೆಂದು ನಿಯಮ. ನಾನು ಬರೆದೆ: ‘ತಾವು ಹಿರಿಯರು. ಮತ್ತೆ ರಾಜಕೀಯ ಬರೆದರೆ ಹದಿನೈದು ದಿನ ಬಳಗದಿಂದ ಹೊರಗಿಡಬೇಕಾಗುತ್ತದೆ.’

ಅವರು ಅದನ್ನು ಸರಕಾರಿ ಮೆಮೋ ಎಂದೇ ತಿಳಿದರು. ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದು, ತಮ್ಮ ಪರ ವಾದಿಸಲು ಇನ್ನೊಬ್ಬ ಪಿಂಚಣಿದಾರರನ್ನೂ ಕರೆದುಕೊಂಡು ನನ್ನ ಅಂಗಡಿಗೇ ಬಂದರು. ಲಿಖಿತ ಉತ್ತರ ತಂದಿದ್ದರು: ‘ಮೊದಲನೆಯ ವಾಕ್ಯ, ನಾನು ಹಿರಿಯನೆಂಬುದು, ಒಪ್ಪಿದೆ. ಎರಡನೆಯ ವಾಕ್ಯ, ನಿರಾಕರಿಸಿದೆ.’

“ಸಾಹೇಬ್ರ, ಇದು ಆಫೀಸ್ ಅಲ್ರಿ,” ಎಂದೆ.

“ಇರ್ಲಿ. ಅಮಾನತ್ತಿನಾಗ ಇಟ್ರೂ ಸರಕಾರ ಅರ್ಧಾ ಪಗಾರ ಕೊಡ್ತೈತಿ. ನನಗೂ ಅರ್ಧಾ ಹಕ್ಕು ಕೊಡ್ರಿ.”

“ಅರ್ಧಾ ಅಂದ್ರ?”

“ಮುಂಜಾನೆ ಬರೀತೀನಿ, ಊಟ ಆದ ಮ್ಯಾಲೆ ಸುಮ್ಮನಿರ್ತೀನಿ.”

ವಾದಿಸಲು ಬಂದವರು ಮೊದಲ ಸಲ ಬಾಯಿ ಬಿಟ್ಟರು: “ಒಪ್ಪಬ್ಯಾಡ್ರಿ ಸಾವಕಾರ್ರ. ಊಟ ಆದ ಮ್ಯಾಲೆ ಇವರು ಮಲ್ಕೊಂತಾರ.”

ಜಾಹೀರಾತು

ಬಳಗದಲ್ಲಿ ಒಬ್ಬರ ಸಾವಿನ ಸುದ್ದಿ ಬಂತು. ಸಂತಾಪಗಳ ನಡುವೆ ಒಬ್ಬಾತ ಹಾಕಿದ: ‘ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ. ಕರೆಂಟ್ ಹೋದರೂ ಚಿಂತೆಯಿಲ್ಲ.’ ಜಾಹೀರಾತೂ ನಿಷಿದ್ಧವೇ. ತೆಗೆದುಹಾಕಿ, ‘ಸಾವಿನ ಸುದ್ದಿಯ ಕೆಳಗೆ ವ್ಯಾಪಾರ ಮಾಡಬೇಡಿ’ ಎಂದು ಎಚ್ಚರಿಸಿದೆ.

ಫೋನ್ ಮಾಡಿದ. “ಸಾವಕಾರ್ರ, ನೀವೂ ವ್ಯಾಪಾರಸ್ಥರು. ನೀವ ಹೇಳ್ರಿ, ಲಗ್ನದ ಸುದ್ದಿ ಕೆಳಗ ಹಾಕ್ಲೇನು?”

ಆ ಫೋನ್ ಇಡುವುದರೊಳಗೆ ಇನ್ನೊಂದು ಫೋನು. ಸತ್ತವರ ಮಗ. ಅಳು ನುಂಗಿಕೊಂಡು ಕೇಳಿದ: “ಆ ಪೆಟ್ಟಿಗಿ ಜಾಹೀರಾತು ಯಾರ್ರೀ ತಗದವರು? ಅಪ್ಪ ಬಿಸಿಲಾಗ ಕಾಯಾಕತ್ತಾನ.”

ಮೂರನೆಯ ಎಚ್ಚರಿಕೆ

ಉಪ್ಪಲ್ ಕಡೆ ಒಂದು ಕಾರ್ಖಾನೆಯ ಫೋರ್‌ಮನ್. ಬೈಗುಳವಿಲ್ಲದೆ ಅವನಿಂದ ಒಂದು ಸಾಲೂ ಬರುತ್ತಿರಲಿಲ್ಲ. ಯುಗಾದಿ ಶುಭಾಶಯದಲ್ಲೂ ಯಾರದೋ ಅಪ್ಪನನ್ನು ಎಳೆದು ತರುತ್ತಿದ್ದ. ಮೂರು ಎಚ್ಚರಿಕೆ ಮೀರಿದರೆ ಉಚ್ಚಾಟನೆ. ಅವನಿಗೆ ಆಗಲೇ ಎರಡು ಮುಟ್ಟಿದ್ದವು. ಬಳಗದ ಹಿರಿಯರು, “ಅವ ಇರಬೇಕು, ಇಲ್ಲಾ ನಾವು ಇರಬೇಕು,” ಎಂದು ಪಟ್ಟು ಹಿಡಿದರು.

ಆದರೆ ಅವನು ಬಿ ನೆಗೆಟಿವ್. ತನ್ನ ಪಾಳಿ ಬಂದಾಗ ತಪ್ಪದೆ ಬರುತ್ತಿದ್ದವನು ಅವನೊಬ್ಬನೇ. ಸೋಮವಾರ ಕೂಸಿಗೆ ರಕ್ತ ಬೇಕಿತ್ತು, ಹಿರಿಯರಿಗೆ ರವಿವಾರವೇ ಎಚ್ಚರಿಕೆ ಬೇಕಿತ್ತು. ಬರೆದೆ: ‘ನಿಮ್ಮ ಅಸಭ್ಯ ಮಾತಿಗೆ ಸದಸ್ಯರು ಬೇಸತ್ತಿದ್ದಾರೆ. ಇದು ಕೊನೆಯ ಎಚ್ಚರಿಕೆ. ಮತ್ತೆ ಹೀಗಾದರೆ ಮುಲಾಜಿಲ್ಲದೆ ತೆಗೆದುಹಾಕಲಾಗುವುದು. ನಮಸ್ಕಾರ.’

ಸೋಮವಾರ ಅವನು ಬಂದ. ಎಚ್ಚರಿಕೆಯನ್ನು ಪ್ರಿಂಟ್ ಮಾಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದ. ನರ್ಸ್ ಅವನ ತೋಳಿಗೆ ಪಟ್ಟಿ ಸುತ್ತಿ ನೋಡಿ, “ಬಿಪಿ ಎಕ್ಕುವ ಉಂದಿ ಸಾರ್,” ಎಂದಳು. ಬಿಪಿ ಜಾಸ್ತಿ ಇದೆ, ಇಳಿಯದೆ ಸೂಜಿ ಮುಟ್ಟಿಸುವುದಿಲ್ಲವಂತೆ. ಒಳಗೆ ಕೂಸು ಬಿಳಚಿಕೊಂಡು ಮಲಗಿತ್ತು.

“ಇದನ್ನ ವಾಪಸ್ ತಗೋರಿ, ಬಿಪಿ ತಾನ ಇಳೀತೈತಿ,” ಎಂದ ಫೋರ್‌ಮನ್.

ವ್ಯಾಪಾರಕ್ಕೆ ಕೂತೆ. “ಪೂರಾ ಆಗೂದಿಲ್ಲ. ‘ಅಸಭ್ಯ’ ತಗೀತೀನಿ.” ಪೆನ್ನಿನಿಂದ ಹೊಡೆದುಹಾಕಿದೆ. ನರ್ಸ್ ಮತ್ತೆ ನೋಡಿದಳು. ಸ್ವಲ್ಪ ಇಳಿದಿತ್ತು.

“‘ಬೇಸತ್ತಿದ್ದಾರೆ’ ಯಾರ್ರೀ? ಹೆಸರು ಹೇಳ್ರಿ!”

ಬಿಪಿ ಮತ್ತೆ ಏರತೊಡಗಿತು. ಆ ವಾಕ್ಯವನ್ನೇ ಬಿಟ್ಟೆ. ‘ಕೊನೆಯ’ ಹೋಯಿತು, ‘ಎಚ್ಚರಿಕೆ’ ಹೋಯಿತು. ‘ಮುಲಾಜಿಲ್ಲದೆ’ ಒಂದನ್ನಾದರೂ ಉಳಿಸಲು ಹೆಣಗಿದೆ, ನರ್ಸ್ ಇಳಿದಿಲ್ಲವೆಂದು ತಲೆಯಾಡಿಸಿದಳು. ಕಾಗದದಲ್ಲಿ ‘ನಮಸ್ಕಾರ’ ಒಂದೇ ಉಳಿದಾಗ ಬಿಪಿ ಸರಿಹೋಯಿತು. “ಹೂಂ, ಈಗ ಚುಚ್ಚವ್ವಾ,” ಎಂದು ಕೈ ಚಾಚಿದ.

ಚೀಲ ತುಂಬಿತು. ಹತ್ತಿ ಒತ್ತುತ್ತಾ ನರ್ಸ್, ಇನ್ನು ಮೂರು ತಿಂಗಳು ಇವರು ರಕ್ತ ಕೊಡುವಂತಿಲ್ಲ ಎಂದಳು.

ನಾನು ಆಸ್ಪತ್ರೆ ಎದುರಿನ ಇಂಟರ್ನೆಟ್ ಅಂಗಡಿಗೆ ಹೋದೆ. ಹೊಡೆದುಹಾಕಿದ ಮಾತುಗಳನ್ನೆಲ್ಲ ಮತ್ತೆ ಸೇರಿಸಿ, ‘ಮೂರು ತಿಂಗಳು ಬಳಗದಿಂದ ಹೊರಗೆ’ ಎಂದು ಬರೆದು, ಎಲ್ಲರಿಗೂ ಕಾಣುವಂತೆ ಹಾಕಿದೆ.

ಸಂಜೆ ಫೋನ್ ಬಂತು. “ಸಾವಕಾರ್ರ, ಚುಚ್ಚಿದ ಕೈ ಇನ್ನಾ ನೋಯಾಕತ್ತೈತಿ, ಆಗ್ಲೇ ಹೊರಗ ಹಾಕಿದ್ರಿ?”

“ಮೂರು ತಿಂಗಳಿಗಷ್ಟ. ನಿಮ್ಮ ಪಾಳಿ ಬರೂದ್ರಾಗ ಒಳಗ ಇರ್ತೀರಿ.”

ಆ ಕಡೆಯಿಂದ ಒಂದು ಬೈಗುಳ ಬಂತು. ಆಮೇಲೆ, “ಕೂಸು ಹ್ಯಾಂಗೈತಿ?”

“ರಕ್ತ ಏರಾಕತ್ತೈತಿ.”

“ಏರ್ಲಿ. ಮೂರು ತಿಂಗಳಿಗೆ ಬಂದ ಬರ್ತೀನಿ. ಎಡಗೈ ಸೂಜಿಗಿ, ಬಲಗೈ ನಿಮ್ಮ ಕಪಾಳಕ್ಕರಿ.”

ಒಟ್ಟು ಗಳಿಕೆ: ಕೂಸಿಗೆ ಒಂದು ಚೀಲ ರಕ್ತ, ಬಳಗಕ್ಕೆ ಮೂರು ತಿಂಗಳ ನೆಮ್ಮದಿ, ನನಗೆ ಮುಂಗಡವಾಗಿ ಬುಕ್ ಆದ ಒಂದು ಏಟು.