ನಮ್ಮ ಎಡಗೈ ಸ್ಪಿನ್ನರ್

ಎಡಗೈ ಸ್ಪಿನ್ನರನ ಗೆಳೆತನ ಇದ್ದರೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಈಗೀಗ ಅವನ್ನು ಹೇಳಲು ಹೋದರೆ ಎಲ್ಲರೂ ನಗುತ್ತಾರೆ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅವನದು ಖಾನಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಪಂದ್ಯ ಇದ್ದ ಭಾನುವಾರ ಅದನ್ನು ತಮ್ಮನಿಗೆ ಒಪ್ಪಿಸಿ ಬೆಳಗಾವಿಗೆ ಬಂದು ನಮ್ಮ ತಂಡಕ್ಕೆ ಆಡುತ್ತಿದ್ದ. ನಾನು ವಿಕೆಟ್ ಕೀಪರ್.

ಗುಟ್ಟು

ದೂರದ ಊರಿನ ತಂಡಗಳು ಬಂದರೆ ನಾವಿಬ್ಬರೂ ಮರಾಠಿಯಲ್ಲಿ ಗುಟ್ಟು ಮಾತಾಡುತ್ತಿದ್ದೆವು. ಒಮ್ಮೆ ಖಾನಾಪುರದಲ್ಲೇ ಪಂದ್ಯ. ರೂಢಿಯಂತೆ ನಾನು ಮರಾಠಿಯಲ್ಲಿ, ಸ್ವಲ್ಪ ಹೊರಗೆ ಹಾಕು, ಇವನು ಮುಂದೆ ಬರುತ್ತಾನೆ, ಸ್ಟಂಪ್ ಮಾಡುತ್ತೇನೆ ಎಂದು ಕೂಗಿದೆ. ಬ್ಯಾಟು ಹಿಡಿದವನು ನನ್ನತ್ತ ತಿರುಗಿದ.

"ಸರ್, ನಮ್ಮ ಮನ್ಯಾಗ ಮಾತಾಡೋದ ಮರಾಠಿ. ಗುಟ್ಟ ಇದ್ರ ಇಂಗ್ಲಿಷ್‌ನ್ಯಾಗ ಹೇಳ್ರಿ, ನನಗ ತಿಳ್ಯಾಂಗಿಲ್ಲ."

ಹೆಣ್ಣು ನೋಡಲು ಹೋದದ್ದು

ಪಾರಿಶ್ವಾಡಕ್ಕೆ ಹೆಣ್ಣು ನೋಡಲು ಹೋದಾಗ ಜೊತೆಗೆ ನನ್ನನ್ನೂ ಕರೆದೊಯ್ದ. ಹುಡುಗಿಯ ತಂದೆ ಅಂಗಡಿಯ ವಿಚಾರ ಕೇಳಿದರು, ಮಳೆ-ಬೆಳೆ ಕೇಳಿದರು, ಆಮೇಲೆ ಹುಡುಗ ಮತ್ತೇನು ಮಾಡುತ್ತಾನೆ ಅಂದರು. ನಾನು ಹುಮ್ಮಸ್ಸಿನಿಂದ, ಇವನು ಹಾಕಿದ ಬಾಲ್ ಭಾಳ ತಿರುಗುತ್ತದೆ ಎಂದೆ. ಅವರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಬಾಲ್ ತಿರಗಲಿ ಬಿಡ್ರಿ. ಹುಡುಗ ತಿರಗಬಾರದು."

ಮದುವೆಯಾಯಿತು. ಹುಡುಗ ತಿರುಗಲಿಲ್ಲ.

ಎಡಗೈ

ಹೋದ ವರ್ಷ ಅವನಿಗೆ ಲಕ್ವಾ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು. ಅವನಿಲ್ಲದೆ ನಮ್ಮ ಐತವಾರದ ಆಟವೂ ನಿಂತಿತು. ಬೆಳಗಾವಿಯ ಆಸ್ಪತ್ರೆಗೆ ನೋಡಲು ಹೋದಾಗ ಅವನ ಹೆಂಡತಿ, "ನಾಳೆ ಒಂದ ಬಾಲ್ ತರ್ರಿ ಅಣ್ಣಾ, ಕೈಗೆ ನೆನಪ ಆದ್ರೂ ಆದೀತು" ಅಂದಳು.

ಮರುದಿನ ಒಯ್ದೆ. ಅವಳು ಅವನ ಎಡ ಅಂಗೈಯಲ್ಲಿ ಚೆಂಡಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು. ಕೈ ಬಿಟ್ಟೊಡನೆ ಬೆರಳು ಬಿಚ್ಚಿ ಚೆಂಡು ಮಂಚದ ಕೆಳಗೆ ಉರುಳಿತು. ನಾನು ಬಗ್ಗಿದೆ. ಅಷ್ಟರಲ್ಲಿ ಡಾಕ್ಟರ್ ಬಂದರು. ಹೊಸಬರು, ಎಳೆ ವಯಸ್ಸು. ಉಣ್ಣುವುದು ಯಾವ ಕೈಯಿಂದ ಎಂದು ಕೇಳಿದರು. ಬಲಗೈ ಎಂದ. ಬರೆಯುವುದು? ಅದೂ ಬಲಗೈ. ಡಾಕ್ಟರಿಗೆ ಸಮಾಧಾನವಾಯಿತು.

"ಹಂಗಾದ್ರ ಚಿಂತಿ ಬಿಡ್ರಿ. ಎಡಗೈಲೆ ನಿಮಗ ಅಂಥಾ ಕೆಲಸ ಏನಿರತೈತಿ?"

ಅವನು ತಡೆತಡೆದು ಹೇಳಿದ: "ಏನಿಲ್ರಿ. ಐತವಾರ ಅಷ್ಟ ಬೇಕಾಗ್ತಿತ್ತು."

ಡಾಕ್ಟರ್ ನಕ್ಕರು. ಅವನೂ ಅರ್ಧ ಬಾಯಿಂದ ನಕ್ಕ. ಚೆಂಡು ಆಗಲೇ ನನ್ನ ಕೈಗೆ ಸಿಕ್ಕಿತ್ತು. ಆದರೂ ಬಹಳ ಹೊತ್ತು ಮಂಚದ ಕೆಳಗೇ ಹುಡುಕುತ್ತಿದ್ದೆ.