ಪಿಟ್‌ಕೈರ್ನ್‌ಗೆ ಮೇಲೊಂದು

ದೇವರು ನನ್ನನ್ನು ನಗಿಸದೆ ಬಿಟ್ಟ ದಿನವಿಲ್ಲ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಡಾಕ್ಟರಾಗಿದ್ದು ನಿವೃತ್ತನಾದ ಮೇಲಂತೂ ಅವನಿಗೂ ಪುರುಸೊತ್ತು ಜಾಸ್ತಿಯಾದಂತಿದೆ.

೧. ಪಂಕ್ತಿಯ ಕೊನೆಯವರು

ಊಟದ ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಪಾಯಸ ಮುಟ್ಟುವುದು ಕಷ್ಟ. ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದಾಗಲೂ ಪೆಸಿಫಿಕ್‌ನ ಪುಟ್ಟ ದೇಶಗಳು ಹಾಗೇ ತಪ್ಪಿಹೋದಾವು ಎಂದು, ದಿನಕ್ಕೊಂದರ ಹೆಸರು ಹೇಳಿ ಮಂಗಳಾರತಿ ಮಾಡುತ್ತೇನೆ. ಯಾರಿಗಾಗಿ ಬೇಡುತ್ತಿದ್ದೇನೆಂದು ತಿಳಿದಿರಬೇಕಲ್ಲ, ಅಲ್ಲಿನ ಜನಸಂಖ್ಯೆಯನ್ನೂ ಓದಿಕೊಳ್ಳುತ್ತೇನೆ.

ಒಂದು ಬೆಳಿಗ್ಗೆ ಟುವಾಲುವಿನ ಸರದಿ ಉದ್ದವಾಯಿತು. ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಅಲ್ಲಿ ಈಗ ರಾತ್ರಿ ಅಲ್ವಾ ಮಾರಾಯ್ರೆ? ಅವರು ಉಂಡು ಮಲಗಿಯೂ ಆಯ್ತು. ನಮಗಿನ್ನೂ ತಿಂಡಿಯಾಗಿಲ್ಲ."

೨. ಹೊರಗಿನ ಸಹಾಯ

ನಮ್ಮ ಕನ್ನಡ ಕೂಟಕ್ಕೆ ಗಣೇಶನ ಹಬ್ಬಕ್ಕೆಂದು ಚರ್ಚ್ ಹಾಲ್ ಬೇಕಿತ್ತು. ಅದೇ ಶನಿವಾರ ತೋಟಗಾರರ ಸಂಘಕ್ಕೆ ಹೂವಿನ ಪ್ರದರ್ಶನ. ಕ್ವಿಜ್‌ನಲ್ಲಿ ಗೆದ್ದವರಿಗೆ ಹಾಲ್ ಎಂದು ತೀರ್ಮಾನವಾಯಿತು. ಕೊನೆಯ ಸುತ್ತಿನ ವಿಷಯ ಪೆಸಿಫಿಕ್‌ನ ದೇಶಗಳು! ನಾನು ಮನಸ್ಸಿನಲ್ಲೇ ಕೈಮುಗಿದೆ.

ಟೊಕೆಲಾವ್ ಯಾರ ಅಧೀನದಲ್ಲಿದೆ ಎಂಬ ಪ್ರಶ್ನೆ ಬಂತು. ನಾನು ಕಣ್ಣು ಮುಚ್ಚಿ, ತುಟಿಯಲ್ಲೇ ಜಪಿಸಿ, "ನ್ಯೂಜಿಲೆಂಡ್" ಎಂದೆ. ತೋಟಗಾರರ ನಾಯಕ, ಆರಡಿ ಎತ್ತರದ ಮುದುಕ, ಎದ್ದು ನಿಂತು ತಕರಾರು ತೆಗೆದ: ಈ ಡಾಕ್ಟರ್ ಪ್ರತಿ ಸಲ ಯಾರನ್ನೋ ಕೇಳಿ ಹೇಳುತ್ತಾರೆ, ಹೊರಗಿನ ಸಹಾಯ ಪಡೆಯುವಂತಿಲ್ಲ.

ಪ್ರಶ್ನೆ ಕೇಳುತ್ತಿದ್ದ ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಈ ಕಟ್ಟಡದಲ್ಲಿ ಅದನ್ನು ಹೊರಗಿನ ಸಹಾಯ ಅನ್ನೋಕಾಗಲ್ಲ."

೩. ಶುಭಕ್ಕೆ

ಅಂಕ ಸಮವಾಯಿತು. ಕೊನೆಯ ಪ್ರಶ್ನೆ: ಬ್ರಿಟನ್ನಿನ ಅಧೀನದಲ್ಲಿರುವ ಪಿಟ್‌ಕೈರ್ನ್ ದ್ವೀಪದಲ್ಲಿ ಎಷ್ಟು ಜನ? ಉತ್ತರಕ್ಕೆ ಹತ್ತಿರ ಬಂದವರು ಗೆದ್ದಂತೆ. ಮುದುಕ ಮೊದಲೇ ಐವತ್ತು ಎಂದುಬಿಟ್ಟ. ನಾನು ಓದಿದ್ದೂ ಸುಮಾರು ಐವತ್ತೆಂದೇ. ಆದರೆ ಸೊನ್ನೆಯಲ್ಲಿ ನಿಲ್ಲಿಸಲು ನಾಲಿಗೆ ಏಳಲಿಲ್ಲ. ಮದುವೆಯ ಮುಯ್ಯಿಗೂ ನಾವು ಮೇಲೊಂದು ಇಡುವವರಲ್ಲವೇ? "ಐವತ್ತೊಂದು" ಎಂದೆ.

ಪಾದ್ರಿಗಳ ಚೀಟಿಯಲ್ಲಿ ಇದ್ದದ್ದು ಐವತ್ತಕ್ಕಿಂತ ತುಸು ಹೆಚ್ಚು. ನಮ್ಮವರ ಕೂಗಿಗೆ ಹಾಲ್‌ನ ಗಾಜು ನಡುಗಿತು. ಆ ಒಂದು ಎಲ್ಲಿಂದ ಬಂತೆಂದು ಮುದುಕ ಕೇಳಿದ. ಶುಭಕ್ಕೆ, ಎಂದೆ.

ಸೋತವರನ್ನು ಗಣಪತಿ ಹೊರಗೆ ನಿಲ್ಲಿಸುವವನೇ? ಹೂಗಳನ್ನೂ ಇಲ್ಲಿಗೇ ತನ್ನಿ ಎಂದು ಕರೆದೆವು. ಹಬ್ಬದ ದಿನ ಅವರ ಡೇರೆ ಹೂಗಳೆಲ್ಲ ಗಣಪತಿಯ ಸುತ್ತ ಅರಳಿ ನಿಂತವು.

ಊಟದ ಕೊನೆಯಲ್ಲಿ ಮುದುಕ ಖಾಲಿ ತಟ್ಟೆ ಹಿಡಿದು ನನ್ನ ಹೆಂಡತಿಯ ಮುಂದೆ ಬಂದ. ಮುಖ ಬಲು ಗಂಭೀರ.

"ಹತ್ತು ಮೋದಕ ತಿಂದೆ," ಎಂದ. "ಅಲ್ಲಿಗೇ ನಿಲ್ಲಿಸೋದು ಅಶುಭ ಅಲ್ವಾ?"