ಗದ್ದಲ ಬ್ಯಾಡಂತ ಗುಡ್ಡ ಹತ್ತಿದ್ದು

ಎಲ್ಲಿ ಗದ್ದಲ ಇರೂದಿಲ್ಲಂತ ನಾ ಹುಡುಕ್ಕೊಂಡು ಹೋಗ್ತೇನೋ, ಗದ್ದಲ ನನಗಿಂತ ಮೊದಲ ಅಲ್ಲಿ ಚಾಪಿ ಹಾಸಿ ಕುಂತಿರ್ತೈತಿ. ಮಾಸ್ತರಕಿ ಮಾಡೂವಾಗೂ ಹಂಗ ಇತ್ತು, ರಿಟೈರ್ ಆದ ಮ್ಯಾಲೂ ಹಂಗ ಐತಿ. ಈ ಸಲದ್ದಂತೂ ಕೇಳಬ್ಯಾಡ್ರಿ.

ನನ್ನ ಹೆಂಡತಿ ಮೊಣಕಾಲು ಆಪರೇಷನ್ ಆತು. ದವಾಖಾನ್ಯಾಗ ಕುಂತು ನಾ ಹರಕಿ ಹೊತ್ತೆ: "ಮಲ್ಲಯ್ಯಾ, ಇಕಿ ಎದ್ದು ಓಡ್ಯಾಡಿದ್ರ ಶ್ರೀಶೈಲಕ್ಕ ನಡಕೋತ ಬರ್ತೇನಿ. ಗಾಡಿ ಹತ್ತಂಗಿಲ್ಲ." ಯುಗಾದಿ ಬರೂದ್ರಾಗ ಅಕಿ ಇಂಡಿ ಸಂತಿಗೆ ಹೋಗಿ ಚೀಲ ತುಂಬಿಸಿಕೊಂಡು ಬರಾಕತ್ತಿದ್ಲು. ನನ್ನ ಬಾಗಲ ತನಕ ಕಳಸಾಕ ಬಂದಾಕಿ ಹೇಳಿದ್ಲು, "ಮೊಣಕಾಲು ನಂದು, ನೆಪ್ಪಿರಲಿ. ಒಂದು ಸಲ ಗಾಡಿ ಹತ್ತಿದ್ರಿ ಅಂದ್ರ ಮತ್ತ ಈ ಹೊಸ್ತಿಲಿಂದನ ಶುರು."

ಉಣ್ಣೂದ್ರಾಗ ಹೈರಾಣ

ಜೋಡಿಗೆ ಸಿಂದಗಿಯ ನನ್ನ ಗೆಳ್ಯಾ ಇದ್ದ, ಜಮೀನು ಅಳಿಯೂ ಸರ್ವೆ ಕೆಲಸದಾಗ ಇದ್ದು ರಿಟೈರ್ ಆದಾಂವ. ಮುಂಜಾನೆ ಇಂಡಿ ಬಿಟ್ವಿ. ಡಾಂಬರ ರಸ್ತಾ ತುಂಬ ಪಾದಯಾತ್ರಿ ಮಂದಿ, ಹಿಂದ ಡಿಜೆ ಹಚ್ಚಿದ ಟ್ರ್ಯಾಕ್ಟರು, ಎರಡೂ ಕಡೆ ದಾಸೋಹದ ಟೆಂಟು. ತಾಂಬಾ ಮುಟ್ಟೂದ್ರಾಗ ಮೂರು ಸಲ ಉಪ್ಪಿಟ್ಟು, ಎರಡು ಸಲ ಹೋಳಿಗಿ ಆಗಿದ್ವು. ಮತ್ತೊಂದು ಟೆಂಟಿನಾಂವ ರಟ್ಟಿ ಹಿಡದ.

"ಈಗರ ಉಂಡೇನ್ರಿ," ಅಂದೆ.

"ಎಲ್ಲಿ?"

"ಹಿಂದಿನ ಟೆಂಟಿನ್ಯಾಗ."

"ಅವರಲ್ಲಿ ಉಂಡು ನಮ್ಮಲ್ಲಿ ಉಣ್ಣಲಿಲ್ಲಂದ್ರ ಮಂದಿ ಏನಂತಾರ್ರಿ? ಕುಂದರ್ರಿ!"

ಕುಂತೆ. ತುತ್ತು ಬಾಯಿ ಹತ್ರ ಒಯ್ದೆ. "ಹಾಂ, ಹಂಗ ಹಿಡೀರಿ," ಅಂತ ಟೆಂಟಿನ ಯಜಮಾನ ನನ್ನ ಹೆಗಲ ಮ್ಯಾಲೆ ಕೈ ಹಾಕಿ ಫೋಟೋ ತಗಸಿಕೊಂಡ. ಫೋಟೋದಾಗ ನನ್ನ ಕಣ್ಣು ಮುಚ್ಚಿದ್ವಂತ. ಅದಕ್ಕ ಇನ್ನೊಂದು ಹೋಳಿಗಿ ತಿನ್ನಬೇಕಾತು.

ನಕಾಶೆದಾಗಿನ ದಾರಿ

ಹೊಟ್ಟಿ ತುಂಬಿ ತೇಗಕೋತ ಗೆಳ್ಯಾ ಚೀಲದಾಗಿಂದ ಹಳೇ ನಕಾಶೆ ತಗದ. "ಮಾಸ್ತರ, ಈ ಜಾತ್ರಿ ಬಿಡೂಣು. ಇಂಗಳೇಶ್ವರದ ಕಡೆ ಗುಡ್ಡದ ಮ್ಯಾಲಿಂದ ಬಂಡಿದಾರಿ ಐತಿ. ಬಾಗೇವಾಡಿ ದಾಟಿ ಮುದ್ದೇಬಿಹಾಳ ತನಕ ಒಂದು ನರಪಿಳ್ಳಿ ಸಿಗೂದಿಲ್ಲ."

ನಕಾಶೆದಾಗ ದಾರಿ ಏನೋ ಅಗಲ ಇತ್ತು. ಹೋಗಿ ನೋಡಿದ್ರ ಅಲ್ಲಿ ನಿಂಬಿತ್ವಾಟ. ನಾವು ನಕಾಶೆ ಬಿಚ್ಚೂದಕ್ಕೂ ತ್ವಾಟದ ಮಾಲಕ ಓಡಿ ಬರೂದಕ್ಕೂ ಸರಿ ಆತು.

"ಸಾಹೇಬ್ರ, ದಾರಿ ನಮ್ಮ ಹೊಲದಾಗ ಇಲ್ರಿ. ಬಾಜೂದಾಂವ ನುಂಗ್ಯಾನ."

ಬಾಜೂದಾಂವನೂ ಬಂದ. "ನಾ ನುಂಗೇನಿ? ನಿಮ್ಮಪ್ಪನ ಕಾಲಕ್ಕ ಬೇಲಿ ಸರಿಸಿದವರು ಯಾರೋ?"

ನಾ ಕೈ ಮುಗದು ಹೇಳಿದೆ, "ತಮ್ಮಾ, ನಾವು ಅಳಿಯಾಕ ಬಂದಿಲ್ಲ, ಶ್ರೀಶೈಲಕ್ಕ ಹೊಂಟೇವಿ." ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ ನಕ್ರು. ನಕಾಶೆ ಹಿಡಕೊಂಡು ಶ್ರೀಶೈಲಕ್ಕ ಹೋಗೂ ಮಂದಿನ ಅವರು ಕಂಡಿದ್ದಿಲ್ಲ. ಹತ್ತು ವರ್ಷ ಮಾತು ಬಿಟ್ಟವರು ಅಲ್ಲೇ ಒಂದಾಗಿ, ಇಲ್ಲಿ ದಾರಿನ ಇರಲಿಲ್ಲ, ನಕಾಶೆನ ತಪ್ಪೈತಿ ಅಂತ ತೀರ್ಮಾನ ಮಾಡಿ ನಮ್ಮ ಚೀಲಕ್ಕ ನಿಂಬಿಹಣ್ಣು ಸುರುವಿದ್ರು.

"ಬರ್ರಿ ಸಾಹೇಬ್ರ, ಬೈಕಿನ ಮ್ಯಾಲೆ ಗುಡ್ಡದ ತನಕ ಬಿಡ್ತೇನಿ," ಅಂದ ಮಾಲಕ.

"ಛೇ ಛೇ, ಬೈಕ್ ಹತ್ತಂಗಿಲ್ಲ!" ಅಂತ ನಾ ಎರಡು ಹೆಜ್ಜಿ ಹಿಂದ ಸರದೆ.

ಅಂವ ಬಾಜೂದಾಂವನ ಕಿವ್ಯಾಗ ಹೇಳಿದ್ದು ನನಗ ಕೇಳಿಸ್ತು: "ದೊಡ್ಡ ಸಾಹೇಬ್ರು ಕಾಣ್ತಾರಲೇ. ಜೀಪು ತರಿಸು."

ಕುರಿ ಕಾಯೂ ಅಜ್ಜ

ಜೀಪು ಬರೂದ್ರಾಗ ಬೇಲಿ ಜಿಗದು ಪಾರಾದ್ವಿ. ಮೂರನೇ ದಿನ ಗುಡ್ಡ ಹತ್ತಿದ್ರ, ಆಹಾ! ಗಾಳಿ, ಕಲ್ಲು, ಜಾಲಿಗಿಡ. ಒಂದು ಗಿಡದ ನೆರಳಾಗ ಕುರಿ ಕಾಯೂ ಅಜ್ಜ ಕುಂತಿದ್ದ.

"ಎಷ್ಟು ಶಾಂತ ಐತಿ ನೋಡ್ರಿ ಯಜಮಾನ್ರ!" ಅಂತ ನಾ ಖುಷಿಲಿಂದ ಒದರಿದೆ.

ಅಜ್ಜ ಮಾರಿ ಗಂಟು ಹಾಕಿದ. "ಮುಂಜಾನಿಂದ ನಿಮ್ಮದು ಐದನೇ ಗುಂಪು. ಎಲ್ಲಾರ ಕೈಯಾಗೂ ಇದ ನಕಾಶೆ, ಫೋನಿನ್ಯಾಗ."

ನಾ ಗೆಳ್ಯಾನ ಕಡೆ ಹೊಳ್ಳಿದೆ. ಅಂವ ಗಡಬಡಿಸಿ ಫೋನ್ ಕಿಸೇದಾಗ ತುರುಕಾಕತ್ತಿದ್ದ.

"ಫೋನಿನ್ಯಾಗ ಹಾಕಿದೇನೋ?"

"ಬರೇ ಎರಡು ಗ್ರೂಪಿಗೆ ಹಾಕೇನಿ ಮಾಸ್ತರ. ಕೆಳಗ 'ಯಾರಿಗೂ ಹೇಳಬ್ಯಾಡ್ರಿ' ಅಂತ ದಪ್ಪ ಅಕ್ಷರದಾಗ ಬರದೇನಿ."

ಅಜ್ಜ ಕಂಬಳಿ ಜಾಡಿಸಿಕೊಂಡು ಎದ್ದ. "ಸೊಸಿ ಬಾಯಿಗೆ ಅಂಜಿ ನಾ ಗುಡ್ಡಕ್ಕ ಬಂದು ಕುಂದರತಿದ್ದೆ. ಇನ್ನ ಮನೀನ ವಾಸಿ," ಅಂದು ಕುರಿ ಹೊಡಕೊಂಡು ಕೆಳಗ ಇಳದ.

ಶಾಂತ ಮಾರ್ಗದ ಉದ್ಘಾಟನೆ

ಇನ್ನಷ್ಟು ಹತ್ತಿ ಹೋದ್ರ ಗುಡ್ಡದ ನೆತ್ತಿ ಮ್ಯಾಲೆ ಪೆಂಡಾಲು, ಡಿಜೆ, ಬಿಳಿ ಅಂಗಿ ತೊಟ್ಟ ಒಬ್ಬ ಲೀಡರು! "ಶಾಂತ ಪಾದಯಾತ್ರಾ ಮಾರ್ಗ" ಅಂತ ಆಳೆತ್ತರದ ಬ್ಯಾನರು. ಉದ್ಘಾಟನೆಗೆ ಒಬ್ಬ ಹಿರಿ ಪಾದಯಾತ್ರಿ ಬೇಕಾಗಿದ್ದ. ನನ್ನ ಬಿಳಿ ತಲಿ ಅವರ ಕಣ್ಣಿಗೆ ಬಿತ್ತು.

"ಬ್ಯಾಡ್ರಪಾ, ನಂದು ಹರಕಿ ಐತಿ, ಗಾಡಿ ಹತ್ತಂಗಿಲ್ಲ!" ಅಂತ ಬಡಕೊಂಡೆ. ಡಿಜೆ ಮುಂದ ಯಾರಿಗೆ ಕೇಳಿಸ್ತೈತಿ? ನಾಕು ಮಂದಿ ಎತ್ತಿ ಹೂವಿಲೆ ಸಿಂಗರಿಸಿದ ಟ್ರ್ಯಾಕ್ಟರಿನ ಟ್ರೇಲರ್ ಮ್ಯಾಲೆ ನಿಂದರಿಸಿ ಹಾರ ಹಾಕಿದ್ರು. ನಿಂತ ಗಾಡಿ, ಇದು ಸ್ಟೇಜ್ ಇದ್ದಂಗ, ಅಂತ ನನಗ ನಾನ ಸಮಾಧಾನ ಹೇಳಿಕೊಂಡೆ. ಅಷ್ಟರಾಗ ಲೀಡರ್ ಮಾರಿ ಮ್ಯಾಲೆ ಬಿಸಿಲು ಸರಿ ಬೀಳವಲ್ದು ಅಂತ ಡ್ರೈವರ್ ಗಾಡಿ ಹತ್ತು ಮಾರು ಮುಂದ ತಗೊಂಡ.

ಮೂರು ದಿನದ ನಡಿಗಿ, ಅಕಿ ಮೊಣಕಾಲಿನ ಹರಕಿ, ಹತ್ತು ಮಾರಿನ್ಯಾಗ ಹೋತು. ಅಳು ಬಂದಿತ್ತು. ಅಳಕೋತನ ರಿಬ್ಬನ್ ಕತ್ತರಿಸಿದೆ. ಭಕ್ತಿಲಿಂದ ಅಳಾಕತ್ತಾನಂತ ಮಂದಿ ಚಪ್ಪಾಳಿ ಹೊಡದ್ರು.

ಫೋನ್ ಬಡಕೊಂತು. ಮನಿಯಾಕಿ.

"ಲೈವ್ ಬರಾಕತ್ತೈತ್ರಿ. ಹಾರ ಛಲೋ ಒಪ್ಪೈತಿ."

"ಏ, ಇದು ಗಾಡಿ ಅಲ್ಲ, ಸ್ಟೇಜು."

"ಸ್ಟೇಜು ಹೊಗಿ ಬಿಡ್ತೈತೇನ್ರಿ? ನಾಳೆ ನನ್ನ ಮೊಣಕಾಲು ಸಳಕ್ ಅಂದ್ರ ಮಲ್ಲಯ್ಯಗ ನೀವು ಜವಾಬು ಕೊಡ್ತೀರೇನು? ಸುಮ್ನ ಮನಿಗೆ ಬಂದು ಹೊಸ್ತಿಲಿಂದ ನಡೀರಿ."

ಹರಕಿ ಹೆಂಗೂ ಮುರದಿತ್ತು. ಲೀಡರ್ ಹತ್ರ ಹೋಗಿ, "ಸಾಹೇಬ್ರ, ಇದ ಟ್ರ್ಯಾಕ್ಟರಿನ್ಯಾಗ ಇಂಡಿ ತನಕ ಬಿಡಸ್ರಿ," ಅಂದೆ.

ಅಂವ ಬ್ಯಾನರಿನ ಕೆಳಗಿನ ಸಾಲು ತೋರಿಸಿದ. "ತಪ್ಪು ತಿಳೀಬ್ಯಾಡ್ರಿ ಸರ. ಈ ದಾರ್ಯಾಗ ಇವತ್ತಿಂದ ಗಾಡಿ ಪೂರಾ ಬಂದ್. ಈಗ ನಿಮ್ಮ ಕೈಲಿಂದನ ಉದ್ಘಾಟನೆ ಆತಲ್ರಿ."

"ಹಂಗಾರ ಈ ಟ್ರ್ಯಾಕ್ಟರ್?"

ಲೀಡರ್ ತಲಿ ಕೆರಕೊಂಡ. "ಅದು ಉದ್ಘಾಟನೆಕಿಂತ ಮೊದಲ ಹತ್ತಿತ್ರಿ. ಈಗ ಇಳಿಸೂದು ಹೆಂಗಂತ ನಾವೂ ವಿಚಾರ ಮಾಡಾಕತ್ತೇವಿ."